ಹಾಲವಾಣ ಮರದ ದೋಷ ನಿವಾರಣೆ

ಮರವೊಂದು ಸೋರುತ್ತಿದೆ ಎಂಬ ದೂರು ವರದಾಳ ಮೊಬೈಲಿಗೆ ಬಂದಾಗ ಅವಳು ಪುಣೆಯ ಕೋಥರೂಡಿನ ತನ್ನ ಒಂದೂವರೆ ಕೋಣೆಯ ಆಫೀಸಿನಲ್ಲಿ ಚಹಕ್ಕೆ ನೀರಿಟ್ಟಿದ್ದಳು. ಛಾವಣಿ ಸೋರುವುದುಂಟು, ನಲ್ಲಿ ಸೋರುವುದುಂಟು. ಮರ ಸೋರುವುದನ್ನು ಅವಳು ಓದಿದ ಕಾಲೇಜಿನಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ದೂರು ಕಳಿಸಿದ್ದು ವಾಕಡದ ನಂದನಛಾಯಾ ಅಪಾರ್ಟ್‌ಮೆಂಟ್ ಸೊಸೈಟಿ. ಅಲ್ಲಿನ ಅಂಗಳ, ಹಾದಿ, ಹೂವಿನ ಪಾತಿ ಎಲ್ಲದರ ವಿನ್ಯಾಸ ಅವಳದೇ. ಅವಳು ಒಲೆ ಆರಿಸಿ ಸೊಸೈಟಿಯ ಸೆಕ್ರೆಟರಿಗೆ ಫೋನು ಮಾಡಿದಳು.

ಸೆಕ್ರೆಟರಿ ಹರ್ಷಿತಾ ಮೈಸೂರಿನ ಹುಡುಗಿ, ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಕೆಲಸ. ಸೊಸೈಟಿಯ ಸಮಸ್ತ ಗೋಳನ್ನೂ ಒಂದು ಆ್ಯಪ್‌ಗೆ ತುಂಬಿದ ಪುಣ್ಯಾತ್ಮೆ ಅವಳೇ.

"ಸಾರಿ ಮೇಡಂ, ಆ್ಯಪ್‌ನಲ್ಲಿ ಲಿಫ್ಟ್, ಪಾರ್ಕಿಂಗ್, ಪೇಂಟ್, ಲೀಕೇಜ್ ಅಂತ ನಾಲ್ಕೇ ಕೆಟಗರಿ ಇರೋದು. ಮರದಿಂದ ಎಲೆ ಬೀಳ್ತಾ ಇದೆ ಅಲ್ವಾ, ಲೀಕೇಜ್‌ಗೇ ಹತ್ತಿರ ಅನ್ನಿಸ್ತು."

"ಹರ್ಷಿತಾ, ಇದು ಮಾಘ ಮಾಸ. ಹಾಲವಾಣ ಗಿಡ ಈಗ ಎಲಿ ಉದುರಸತದ. ಪ್ರತಿ ವರ್ಷ ಉದುರಸತದ."

"ಅದು ಫೀಚರ್ರಾ ಬಗ್ಗಾ ಅಂತ ನೀವು ಕ್ಲಿಯರ್ ಆಗಿ ಬರೆದುಕೊಟ್ರೆ ನಾನು ಟಿಕೆಟ್ ಕ್ಲೋಸ್ ಮಾಡ್ತೀನಿ ಮೇಡಂ. ಆದ್ರೆ ಚೇರಮನ್ ಮಧುಕರ್ ಅಂಕಲ್ ಇದನ್ನ ಕ್ರಿಟಿಕಲ್ ಅಂತ ಮಾರ್ಕ್ ಮಾಡಿದಾರೆ. ನೀವು ಒಂದ್ಸಲ ಬಂದುಬಿಡಿ."

ಈ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟರ ಹಣೆಬರಹವನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಒಂದು ಕಟ್ಟಡ ಏಳುವಾಗ ಮೊದಲು ಆರ್ಕಿಟೆಕ್ಟ್ ಬರುತ್ತಾನೆ, ಆಮೇಲೆ ಕಂಬ ತೊಲೆಗಳ ಲೆಕ್ಕದವನು, ಆಮೇಲೆ ನೀರಿನವನು, ಬೆಂಕಿಯವನು, ಲಿಫ್ಟಿನವನು, ವಾಸ್ತುವಿನವನು. ಎಲ್ಲರೂ ತಮ್ಮ ತಮ್ಮ ಪೈಪು, ಟ್ಯಾಂಕಿ, ಚೇಂಬರುಗಳನ್ನು ಖಾಲಿ ಕಂಡ ನೆಲದಲ್ಲೆಲ್ಲ ಹೂತು, ಮೇಲೆ ಕಾಂಕ್ರೀಟು ಸುರಿದು, ಕೈತೊಳೆದುಕೊಂಡ ಮೇಲೆ ಯಾರಿಗೋ ನೆನಪಾಗುತ್ತದೆ: ಅಯ್ಯೋ, ಹಸಿರು ಬೇಕಲ್ಲ! ಆಗ ವರದಾಳಂಥವರಿಗೆ ಕರೆ ಹೋಗುತ್ತದೆ. ಗೇಣುದ್ದದ ಮಣ್ಣಿನಲ್ಲಿ ಕಾಡು ಮಾಡಿಕೊಡಿ, ಗಣಪತಿ ಹಬ್ಬದ ಒಳಗೆ ನೆರಳೂ ಬರಲಿ ಅನ್ನುತ್ತಾರೆ. ವಿಜಯಪುರದಲ್ಲಿರುವ ಅವಳ ತಾಯಿ ಬೀಗರ ಮುಂದೆ ಈಗಲೂ, "ನಮ್ಮ ವರದಾ ಪುಣೇದಾಗ ದೊಡ್ಡ ದೊಡ್ಡವರ ಗಿಡಕ್ಕ ನೀರ ಹಾಕತಾಳ" ಎಂದು ಹೆಮ್ಮೆಯಿಂದ ಹೇಳುತ್ತಾಳೆ. ತಿದ್ದಿ ತಿದ್ದಿ ವರದಾಳಿಗೆ ಸಾಕಾಗಿದೆ.

ಆದರೆ ನಂದನಛಾಯಾದ ಹಾಲವಾಣದ ಮಾತು ಬೇರೆ. ಕಟ್ಟಡಕ್ಕೆ ಮುಂಚೆ ಅಲ್ಲಿ ಹೊಲವಿತ್ತು, ಹೊಲದ ಬದುವಿನ ಮೇಲೆ ಈ ಮರವಿತ್ತು. ಪಾರ್ಕಿಂಗಿಗೆ ಇಳಿಯುವ ದಾರಿ ಸರಿಯಾಗಿ ಅದರ ಬುಡದ ಮೇಲೇ ಬಂದಿತ್ತು. ದಾರಿ ತಿರುಗಿಸಿ ಎಂದು ವರದಾ ಬಿಲ್ಡರನ ಆಫೀಸಿಗೆ ತಿರುಗಿದ ತಿರುಗಾಟ ದೇವರಿಗೇ ಪ್ರೀತಿ. ಆರ್ಕಿಟೆಕ್ಟ್ ಮಾತು ಬಿಟ್ಟ, ಇಂಜಿನಿಯರು ಫೋನು ಎತ್ತುವುದನ್ನು ಬಿಟ್ಟ, ಕೊನೆಗೆ ಇವಳ ಕಾಟ ತಡೆಯಲಾರದೆ ದಾರಿ ತಿರುಗಿತು. ಆ ಸೊಸೈಟಿಯಲ್ಲಿ ಅವಳು ನೆಟ್ಟದ್ದು ನೂರಾರು ಗಿಡ, ಅವುಗಳ ಹೆಸರು ಅವಳಿಗೇ ಒಮ್ಮೊಮ್ಮೆ ಮರೆಯುತ್ತದೆ. ಉಳಿಸಿದ್ದು ಇದೊಂದೇ, ಇದರ ಮೇಲೆ ಅವಳಿಗೆ ಹೆತ್ತ ಕರುಳಿನ ಮಮತೆ.

ತಪ್ಪು ಅವಳದೂ ಇತ್ತು. ಕಟ್ಟಡದ ಮುಂಗಡ ಚಿತ್ರ ಮಾಡುವಾಗ ಕಂಪ್ಯೂಟರಿನ ಮರಗಳ ಭಂಡಾರದಲ್ಲಿ ಹಾಲವಾಣ ಸಿಗಲಿಲ್ಲ. ಯಾವ ದೇಶದ್ದೋ ಏನೋ, ಗುಂಡಗೆ ತುಂಬಿಕೊಂಡ ಹಸಿರು ಮರವೊಂದನ್ನು ಆ ಜಾಗಕ್ಕೆ ಅಂಟಿಸಿ, ಕೆಳಗೆ ಬಲೂನು ಹಿಡಿದ ಬಿಳಿ ಮಗುವೊಂದನ್ನು ನಿಲ್ಲಿಸಿ ಕಳಿಸಿಬಿಟ್ಟಳು. ಅವಳ ಕಸುಬಿನವರೆಲ್ಲ ಮಾಡುವುದೇ ಹಾಗೆ. ಅದೇ ಚಿತ್ರ ಬ್ರೋಶರಿನ ಮುಖಪುಟವಾಯಿತು. ಸಾಲದ್ದಕ್ಕೆ ಬಿಲ್ಡರನ ಆಫೀಸಿನವರು ಟೈಲ್ಸ್ ಗುತ್ತಿಗೆಯ ಕರಾರನ್ನೇ ಹೆಸರು ಬದಲಿಸಿ ಅವಳ ಮುಂದಿಟ್ಟಿದ್ದರು. ಒಂದು ವರ್ಷದೊಳಗೆ ಯಾವುದೇ ಭಾಗ ಬಣ್ಣಗೆಟ್ಟರೆ, ಬಿರುಕು ಬಿಟ್ಟರೆ, ಕಳಚಿ ಬಿದ್ದರೆ ಅದು ದೋಷ, ಸರಿಪಡಿಸತಕ್ಕದ್ದು. ತನಗೂ ಒಂದು ಕರಾರು ಕೊಟ್ಟರಲ್ಲ ಎಂಬ ಸಂತೋಷದಲ್ಲಿ ಅವಳು ಓದದೆ ಸಹಿ ಹಾಕಿದ್ದಳು.

ಅವಳು ವಾಕಡಕ್ಕೆ ಬಂದಾಗ ಸೊಸೈಟಿಯ ಚೇರಮನ್ ಮಧುಕರ ದೇಸಾಯಿಯವರು ಬ್ರೋಶರು ಹಿಡಿದು ಮರದ ಕೆಳಗೇ ನಿಂತಿದ್ದರು. ನಿಪ್ಪಾಣಿ ಕಡೆಯವರು, ಕುರಕುಂಭದ ಒಂದು ಕೆಮಿಕಲ್ ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷಿಸುತ್ತ ಆಯುಷ್ಯ ಕಳೆದು ನಿವೃತ್ತರಾದವರು. ಕಾರ್ಖಾನೆ ಬಿಟ್ಟರೂ ಪರೀಕ್ಷೆ ಬಿಟ್ಟಿರಲಿಲ್ಲ. ಹೆಂಡತಿ ಮಾಡಿದ ಚಪಾತಿಯನ್ನೂ ಬೆಳಕಿಗೆ ಹಿಡಿದು ನೋಡಿ ತಿನ್ನುತ್ತಾರೆಂದು ಸೊಸೈಟಿಯಲ್ಲಿ ಮಾತಿತ್ತು. ಮರ ಬರಿದಾಗಿ ನಿಂತಿತ್ತು, ಕೆಳಗಿನ ಫರಸಿಗಲ್ಲಿನ ನೆಲದ ಮೇಲೆ ಹಳದಿ ಎಲೆ ಹಾಸಿತ್ತು.

"ನೋಡ್ರಿ ವರದಾಬಾಯಿ, ಇದು ನೀವು ಕೊಟ್ಟ ಸ್ಯಾಂಪಲ್," ಎಂದು ಅವರು ಬ್ರೋಶರು ತೋರಿಸಿದರು. "ಇದು ನಮಗ ಬಂದ ಮಾಲು. ಎರಡೂ ಒಂದ ಅದಾವೇನು?"

"ಚಿತ್ರದಾಗಿಂದು ಬ್ಯಾರೆ ಜಾತೀ ಗಿಡಾರಿ. ಕಂಪ್ಯೂಟರಿನಾಗ ಹಾಲವಾಣ ಇರಲಿಲ್ಲ, ಇದ್ದದ್ದು ಹಚ್ಚಿದೆ."

"ಅಂದರ ಮಾಲು ಅದಲಿಬದಲಿ ಆಗೇದಂತ ನೀವ ಒಪ್ಪಿಕೊಂಡಂಗಾತು."

ವರದಾ ಮಾತು ಬೆಳೆಸದೆ ಸ್ಕೂಟರಿನ ಕೀಲಿಕೈಯಿಂದ ತೊಗಟೆಯನ್ನು ಚೂರೇ ಕೆರೆದಳು. ಒಳಗೆ ಎಳೆ ಹಸಿರು ಒದ್ದೆಯಾಗಿ ಮಿನುಗಿತು. "ನೋಡ್ರಿ. ಜೀವಾ ಅದ."

ಮಧುಕರರು ಕನ್ನಡಕ ಏರಿಸಿ ಬಗ್ಗಿ ನೋಡಿದರು. ಅನ್ಯಾಯ ಹೇಳಬಾರದು, ಶ್ರದ್ಧೆಯಿಂದಲೇ ನೋಡಿದರು. "ಹಸರು ಒಳಗಿದ್ದು ಏನ ಮಾಡೂದ್ರಿ? ಬಣ್ಣ ಹೊರಗ ಕಾಣಬೇಕು. ನಾವು ಡ್ರಮ್ಮಿನ ಒಳಗ ಪೇಂಟ ಹೊಡೀತಿದ್ದಿವೇನು?"

"ಸ್ವಲ್ಪ ದಿನಾ ತಡೀರಿ. ಮೈತುಂಬ ಕೆಂಪು ಹೂ ಬಿಡತದ. ಆಮ್ಯಾಲ ಎಲಿ ಬರತಾವ."

"ಹೂ ಡ್ರಾಯಿಂಗಿನಾಗ ಅದಾವೇನು?"

"ಇಲ್ರಿ."

"ಹಂಗಾದ್ರ ಅದು ಇನ್ನೊಂದು ದೋಷ," ಎಂದು ಮಧುಕರರು ಪಕ್ಕದಲ್ಲಿದ್ದ ಹರ್ಷಿತಾಳಿಗೆ ಬರೆದುಕೊಳ್ಳುವಂತೆ ಸನ್ನೆ ಮಾಡಿದರು.

ಅವರ ತೀರ್ಮಾನ ಸರಳವಾಗಿತ್ತು. ರವಿವಾರ ಕಮಿಟಿ ಸೇರುತ್ತದೆ, ಕರಾರಿನ ವರ್ಷವೂ ಅಂದೇ ಮುಗಿಯುತ್ತದೆ. ಅಷ್ಟರೊಳಗೆ ಮರ ಚಿತ್ರದಲ್ಲಿ ಇದ್ದ ಹಾಗೆ ಆಗಬೇಕು. ಇಲ್ಲದಿದ್ದರೆ ತೆಗೆಸಿ, ಅಲ್ಲಿ ಪ್ಲಾಸ್ಟಿಕ್ ಹುಲ್ಲು ಹಾಸಿ, ಒಳಗೆ ದೀಪ ಹತ್ತುವ ನಾಲ್ಕು ನಕಲಿ ಈಚಲ ಮರ ನಿಲ್ಲಿಸುವುದು. "ಸತ್ತದ ಅಂತ ನೀವು ಬರದು ಕೊಟ್ರ ಕಡಿಯೋ ಪರವಾನಗಿ ಸಲೀಸ ಸಿಗತದ," ಎಂದರು. "ನೀವು ಕೊಡದಿದ್ರ ಕೊಡವರು ಪುಣೇದಾಗ ಭಾಳ ಮಂದಿ ಅದಾರ. ನನಗೇನು ನಿಮ್ಮ ಮ್ಯಾಲ ಸಿಟ್ಟಿಲ್ರಿ. ಮಾಲು ಅಂದರ ಮಾಲು."

ವರದಾ ಸ್ಕೂಟರು ಹತ್ತಿ ಹೊರಟಳು. ಬಿಲ್ಡರನಿಂದ ಉಳಿಸಿದ ಮರವನ್ನು ಅದರ ನೆರಳಿನಲ್ಲಿ ಮನೆ ಕೊಂಡವರಿಂದ ಉಳಿಸಬೇಕಾದೀತು ಎಂದು ಅವಳು ಕನಸಿನಲ್ಲೂ ನೆನೆಸಿರಲಿಲ್ಲ.

ದಾರಿಯಲ್ಲೇ ಸ್ಕೂಟರು ನಿಲ್ಲಿಸಿ ಫಕೀರಪ್ಪನಿಗೆ ಫೋನು ಮಾಡಿದಳು. ಫಕೀರಪ್ಪ ಗದಗಿನ ಕಡೆಯವನು, ಸೋಲಾಪುರ ರಸ್ತೆಯಲ್ಲಿ ನರ್ಸರಿ ಇಟ್ಟು ತಲೆ ಹಣ್ಣಾದವನು. ಅವಳ ಕೆಲಸಗಳಿಗೆಲ್ಲ ಗಿಡ ನೆಡುವ ಗುತ್ತಿಗೆದಾರ ಅವನೇ. ಮದುವೆಗಳ ಹಂಗಾಮು, ಲಗ್ನಸರಾಯಿ, ಬಂತೆಂದರೆ ಮಂಟಪದ ಅಲಂಕಾರವನ್ನೂ ಹಿಡಿಯುತ್ತಿದ್ದ. ಮಾತು ಜೋರು, ಪ್ರೀತಿ ಅದಕ್ಕಿಂತ ಜೋರು, ಬುದ್ಧಿ ಮಾತ್ರ ಯಾವ ಕಡೆ ಓಡುತ್ತದೆಂದು ಹೇಳುವ ಹಾಗಿರಲಿಲ್ಲ.

"ಫಕೀರಪ್ಪಣ್ಣಾ, ಗಿಡದ ಮುಂದ ಒಂದು ಬೋರ್ಡ್ ಹಾಕಬೇಕು. ಇದು ಸತ್ತಿಲ್ಲ, ಎಲಿ ಉದುರಿಸಿ ಹೂ ಬಿಡತದ ಅಂತ ಮರಾಠಿ, ಇಂಗ್ಲಿಷ್ ಎರಡರಾಗೂ ಬರಸು. ರವಿವಾರದ ಒಳಗ ಆಗಬೇಕು, ಇಲ್ಲಾಂದ್ರ ಗಿಡ ಕಡೀತಾರ."

"ಬೋರ್ಡ್ ಯಾರ ಓದತಾರ್ರೀ ಬಾಯಾರ," ಎಂದ ಫಕೀರಪ್ಪ. "ನೀವು ನಿಶ್ಚಿಂತಿ ಇರ್ರಿ. ಎಲ್ಲಾ ನನ್ನ ಮ್ಯಾಲ ಬಿಡ್ರಿ."

ಈ ಮಾತು ಕೇಳಿದಾಗಲೇ ಅವಳು ಎಚ್ಚರಾಗಬೇಕಿತ್ತು. ಆದರೆ ಅವಳ ತಲೆಯಲ್ಲಿ ಬಾರಾಮತಿಯ ಕೆಲಸ ಕೂತಿತ್ತು. ಅಲ್ಲಿ ನೀರಾವರಿ ಕಬ್ಬಿನ ಸಾಹುಕಾರರೊಬ್ಬರು ತಮ್ಮ ತೋಟದ ಮನೆಯ ಮುಂದೆ ಮರುಭೂಮಿ ಬೇಕೆಂದು ಹಟ ಹಿಡಿದಿದ್ದರು. ಸುತ್ತ ಕಣ್ಣು ಹಾಯುವವರೆಗೂ ಹಸಿರು ನೋಡಿ ನೋಡಿ ಬೇಸರವಂತೆ, ಸ್ವಲ್ಪ ಮರಳು, ಕಳ್ಳಿ, ಒಂದು ಸಿಮೆಂಟಿನ ಒಂಟೆ ಬೇಕಂತೆ. ಎರಡು ದಿನ ಅವರಿಗೆ ಹೇಳಿ ಹೇಳಿ, ಒಂಟೆಯ ಆಸೆಯೊಂದನ್ನು ಬಿಡಿಸಿ, ಉಳಿದದ್ದಕ್ಕೆ ಒಪ್ಪಿ, ರವಿವಾರ ಬೆಳಿಗ್ಗೆ ಅವಳು ಸ್ವಾರಗೇಟಿನಲ್ಲಿ ಬಸ್ಸಿಳಿದು ನೇರ ವಾಕಡಕ್ಕೆ ರಿಕ್ಷಾ ಹಿಡಿದಳು.

ಗೇಟಿನೊಳಗೆ ಕಾಲಿಟ್ಟವಳು ಅಲ್ಲೇ ನಿಂತಳು. ಹಾಲವಾಣದ ಮೈತುಂಬ ಎಲೆ. ಎಲೆಯೆಂದರೆ ಎಂಥ ಎಲೆ! ಒಂದೇ ಅಳತೆ, ಒಂದೇ ಹಸಿರು, ಎಣ್ಣೆ ಹಚ್ಚಿದ ಹಾಗೆ ಹೊಳಪು. ಮದುವೆ ಮಂಟಪಗಳ ಕಮಾನಿಗೆ ಕಟ್ಟುವ ಪ್ಲಾಸ್ಟಿಕ್ ಬಳ್ಳಿಯನ್ನು ರೆಂಬೆರೆಂಬೆಗೂ ಸಣ್ಣ ತಂತಿಯಿಂದ ಸುತ್ತಿದ್ದರು. ಅದರ ನಡುನಡುವೆ, ತುದಿತುದಿಯಲ್ಲಿ, ರಕ್ತಗೆಂಪಾಗಿ ಹೂ ಅರಳಿತ್ತು. ಬಿಸಿಲು ಬೇಗ ಏರಿದ್ದಕ್ಕೋ ಏನೋ, ಮರ ಯಾರ ಪರವಾನಗಿಯನ್ನೂ ಕೇಳದೆ ಅವಳು ಹೇಳಿದ್ದಕ್ಕಿಂತ ಮುಂಚೆಯೇ ಹೂಬಿಟ್ಟಿತ್ತು.

ಫಕೀರಪ್ಪ ಓಡಿ ಬಂದು ಅವಳನ್ನು ಪಕ್ಕಕ್ಕೆ ಕರೆದೊಯ್ದ. ಹಾಲವಾಣಕ್ಕೆ ಮುಳ್ಳುಂಟು, ಅವನ ಮುಂಗೈಯೆಲ್ಲ ಗೀರು ಗೀರಾಗಿತ್ತು.

"ಇದೇನ ಮಾಡೀದಿ ಫಕೀರಪ್ಪಣ್ಣಾ? ಬೋರ್ಡ್ ಎಲ್ಲಿ?"

"ಬಾಯಾರ, ಸಿಟ್ಟಿಗೇಳಬ್ಯಾಡ್ರಿ, ಸಾವಕಾಶ ಕೇಳ್ರಿ. ಬರೇ ಎಲಿ ಕಟ್ಟಿದ್ರ ಆಗೂದಿಲ್ಲಂದ್ರು ಆ ಚೇರಮನ್ರು. ಒಳಗಿನ ಗಿಡ ಕೆಟ್ಟದ್ದು ಅಂದ ಮ್ಯಾಲ, ಅದರ ಮ್ಯಾಲ ಬಣ್ಣ ಹಚ್ಚಿದ್ರ ಏನು ಬಂತು ಅಂದ್ರು. ಅದಕ್ಕ ನಾನು, ಹಳೇ ಗಿಡ ತಗದ ಒಗದು ಹೊಸಾ ಫೈಬರ್ ಗಿಡ ಕೂಡಸತೀನಿ ಅಂದೆ. ನಿನ್ನೆ ದಿನಾಪೂರ್ತಿ ಸುತ್ತೂ ಮಂಟಪದ ಪರದೆ ಕಟ್ಟಿ, ಬಾಜೂಕ ಒಂದು ಕ್ರೇನ್ ಗಾಡಿ ಚಾಲೂ ಮಾಡಿ ನಿಲ್ಲಿಸಿದೆ. ಸಂಜೀಕ ಪರದೆ ತಗದೆ."

"ನಂಬಿದ್ರೇನು?"

"ನಂಬೂದೇನ್ರೀ, ತೆಂಗಿನಕಾಯಿ ಒಡದಾರ. ಹಳೇದನ್ನ ಅವರು ಯಾವಾಗ ನೆಟ್ಟಗ ನೋಡಿದ್ರು ಅಂತೀರಿ?"

ವರದಾಳಿಗೆ ಒಂದು ಕಡೆ ಅವನ ಕಪಾಳಕ್ಕೆ ಬಿಡಬೇಕೆನಿಸಿತು, ಇನ್ನೊಂದು ಕಡೆ ಆ ಗೀರುಬಿದ್ದ ಕೈ ನೋಡಿ ಅಳು ಬಂತು. ಎರಡೂ ಮಾಡಲು ಪುರುಸೊತ್ತಿರಲಿಲ್ಲ, ಕಮಿಟಿ ಮರದ ಸುತ್ತ ಆಗಲೇ ನೆರೆದಿತ್ತು.

ಮಧುಕರರು ಪರೀಕ್ಷೆಗೆ ತೊಡಗಿದ್ದರು. ಒಂದು ಎಲೆ ಹಿಡಿದು ಜಗ್ಗಿದರು, ಬರಲಿಲ್ಲ. ಇನ್ನೊಂದನ್ನು ಜಗ್ಗಿದರು, ಅದೂ ಬರಲಿಲ್ಲ. ಅವರ ಮುಖದಲ್ಲಿ ವರದಾ ಎಂದೂ ಕಾಣದ ಒಂದು ಕಳೆ ಬಂತು. ಬೊಡ್ಡೆಯನ್ನು ಬೆರಳ ಗೆಣ್ಣಿನಿಂದ ಕುಟ್ಟಿ ಕಿವಿಗೊಟ್ಟರು, ಅಂಗೈಯಿಂದ ಸವರಿದರು. ಮುಳ್ಳು ಚುಚ್ಚಿ ರಕ್ತದ ಹನಿ ಮೂಡಿತು.

"ಅಬಬಬ, ಏನ್ ಫಿನಿಶಿಂಗ್," ಎಂದರು ಬೆರಳು ಚೀಪುತ್ತ. "ಮುಳ್ಳು ಸುದ್ದಾ ಮಾಡ್ಯಾರ್ರಿ. ಹಳೇ ಗಿಡಕ್ಕ ಇಷ್ಟು ಕೆಲಸಗಾರಿಕಿ ಇರಲಿಲ್ಲ ಬಿಡ್ರಿ."

"ಮತ್ತ ಹೂವಿನ ಮಾತು?" ಎಂದಳು ವರದಾ. ಕೇಳಬಾರದಿತ್ತು, ಕೇಳಿದಳು. "ಡ್ರಾಯಿಂಗಿನಾಗ ಇಲ್ಲಲ್ರಿ?"

"ಇರಲಿ, ಇರಲಿ. ಒಳ್ಳೇ ಮಾಲಿಗೆ ಎರಡು ಹೂ ಹೆಚ್ಚಾದ್ರ ನಾವು ತಕರಾರು ಮಾಡೂದಿಲ್ಲ."

ಅಷ್ಟರಲ್ಲಿ ಸೂರಕ್ಕಿಯೊಂದು ಎಲ್ಲಿಂದಲೋ ಹಾರಿ ಬಂದು ಕೆಂಪು ಹೂವಿನೊಳಗೆ ಕೊಕ್ಕು ಇಳಿಸಿತು. ಸಾಲದೆಂದು ಜೊತೆಗಾತಿಯನ್ನೂ ಕರೆಯಿತು. ಕಮಿಟಿಯವರೆಲ್ಲ ತಲೆಯೆತ್ತಿ ನೋಡಿದರು. ಮುಗಿಯಿತು, ಇನ್ನು ಎಲ್ಲ ಬಯಲಿಗೆ ಬಿತ್ತು ಎಂದುಕೊಂಡಳು ವರದಾ.

"ನೋಡ್ರಿ," ಎಂದರು ಮಧುಕರರು ಮೆಲ್ಲಗೆ, ಕನ್ನಡಕ ಒರೆಸಿಕೊಳ್ಳುತ್ತ. "ಪಕ್ಷಿ ಸುದ್ದಾ ಮೋಸ ಹೋಗೇದ."

ಎಲ್ಲರೂ ಮೊಬೈಲು ಎತ್ತಿ ಮರದ ಚಿತ್ರ ತೆಗೆದುಕೊಳ್ಳತೊಡಗಿದರು. ಒಂದು ವರ್ಷದಿಂದ ಈ ಮರದ ಕೆಳಗೆ ಕಾರು ತೊಳೆದವರು, ಕಸದ ಡಬ್ಬಿ ಇಟ್ಟವರು, ಇವತ್ತು ಮಕ್ಕಳನ್ನು ಎತ್ತಿಕೊಂಡು ಬಂದು ಹೂ ತೋರಿಸುತ್ತಿದ್ದರು. ಒಬ್ಬ ಅಜ್ಜಿ ಬೊಡ್ಡೆಗೆ ಕುಂಕುಮ ಹಚ್ಚಿ ಕೈಮುಗಿದಳು. ನಕಲಿಗೆ ಇಷ್ಟು ಮರ್ಯಾದೆ!

ಹರ್ಷಿತಾ ಮಾತ್ರ ಫರಸಿಯ ಮೇಲೆ ಬಿದ್ದಿದ್ದ ಒಂದು ಹೂವನ್ನು ಎತ್ತಿಕೊಂಡಿದ್ದಳು. ಹೂವನ್ನು ಬೆರಳಲ್ಲಿ ಒತ್ತಿದಳು, ಮೂಸಿದಳು, ಒದ್ದೆಯಾದ ಬೆರಳನ್ನು ನೋಡಿಕೊಂಡಳು. ವರದಾಳ ಹತ್ತಿರ ಬಂದು ಪಿಸುಗುಟ್ಟಿದಳು: "ಮೇಡಂ, ಇದು ತಣ್ಣಗಿದೆ."

ವರದಾ ಅವಳ ಕಣ್ಣನ್ನೇ ನೋಡಿ ತುಸು ತಲೆಯಾಡಿಸಿದಳು. ಹರ್ಷಿತಾ ಹೂವನ್ನು ತನ್ನ ಚೀಲದೊಳಗೆ ಹಾಕಿಕೊಂಡು, ಮೊಬೈಲು ತೆಗೆದು, "ಟಿಕೆಟ್ ಕ್ಲೋಸ್ ಮಾಡ್ತಿದೀನಿ ಅಂಕಲ್," ಎಂದಳು.

"ಹಾಂಗೆಲ್ಲ ಬಾಯಿಮಾತಿನ ಮ್ಯಾಲ ಆಗೂದಿಲ್ಲ," ಎಂದರು ಮಧುಕರರು. ಅವರು ಒಂದು ಕಾಗದ ಟೈಪು ಮಾಡಿಸಿ ತಂದಿದ್ದರು. ನಂದನಛಾಯಾದ ಅಂಗಳದಲ್ಲಿ ಈಗ ನಿಂತಿರುವ ಮರ ಬುಡದಿಂದ ತುದಿಯವರೆಗೆ ಕೃತಕವಾದದ್ದು, ಅದರಲ್ಲಿ ಜೀವವಿರುವುದಿಲ್ಲ, ಬೇರು ಇರುವುದಿಲ್ಲ ಎಂದು ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್ ಈ ಮೂಲಕ ದೃಢೀಕರಿಸುತ್ತಾರೆ. "ಇದರ ಮ್ಯಾಲ ನಿಮ್ಮ ಸಹಿ, ಸಿಕ್ಕಾ ಎರಡೂ ಬೇಕು. ಜೀವಂತ ಗಿಡ ಆದ್ರ ನಾಳೆ ಬೇರು ಬಂದು ಪಾರ್ಕಿಂಗ ಒಡೀತದ, ಎಲಿ ಬೀಳತದ, ಹುಳಾ ಹತ್ತತದ. ಅಂಥಾದ್ದು ನಾವು ಇಟ್ಟುಕೊಳ್ಳೂದಿಲ್ಲ, ಸತ್ತದ ಅಂತ ಬ್ಯಾರೆಯವರ ಕಡೆ ಬರಸಿ ಪರವಾನಗಿ ತಂದಿಟ್ಟೀವಿ, ಇವತ್ತ ತಗಸತೀವಿ. ಇದು ಫೈಬರ್ ಅಂತ ನೀವು ಬರದು ಕೊಟ್ರ ಸೊಸೈಟಿ ಆಸ್ತಿ ಆತು. ಯಾರೂ ಕೈ ಹಚ್ಚೂದಿಲ್ಲ."

ವರದಾ ಕಾಗದ ಹಿಡಿದು ನಿಂತಳು. ಈ ಕಸುಬಿಗೆ ಬಂದು ಇಷ್ಟು ವರ್ಷವಾದರೂ, ಆ ಟೈಲ್ಸ್ ಕರಾರೊಂದನ್ನು ಬಿಟ್ಟರೆ, ಅವಳ ಸಹಿಯನ್ನು ಯಾರೂ ಬೇಡಿರಲಿಲ್ಲ. ಆರ್ಕಿಟೆಕ್ಟನ ಸಹಿ ಬೇಕು, ಇಂಜಿನಿಯರನ ಸಹಿ ಬೇಕು, ಲಿಫ್ಟ್ ಕೂಡಿಸಿದವನ ಸಹಿಯೂ ಬೇಕು. ಹಸಿರಿಗೆ ಸಹಿ ಯಾಕೆ? ಹೆಸರು, ಪದವಿ ಕೆತ್ತಿಸಿದ ರಬ್ಬರಿನ ಸಿಕ್ಕಾ ಒಂದನ್ನು ಅವಳು ಕೆಲಸ ಶುರುಮಾಡಿದ ಹೊಸದರಲ್ಲೇ ಮಾಡಿಸಿಕೊಂಡಿದ್ದಳು. ಅದು ಚೀಲದ ಮೂಲೆಯಲ್ಲಿ ಹಲ್ಲುಜ್ಜುವ ಬ್ರಶ್ಶು, ಅಳತೆಯ ಟೇಪುಗಳ ಜೊತೆ ಉರುಳಾಡಿಕೊಂಡಿತ್ತು. ಇವತ್ತು ಅದಕ್ಕೆ ಬೆಲೆ ಬಂದಿತ್ತು. ಸುಳ್ಳು ಹೇಳಿದರೆ ಮರ ಬದುಕುತ್ತದೆ, ನಿಜ ಹೇಳಿದರೆ ಸಂಜೆಯೊಳಗೆ ಗರಗಸ ಬರುತ್ತದೆ. ಅವಳಿಗೆ ನಾಚಿಕೆಯಾಯಿತು, ಸಿಟ್ಟು ಬಂತು, ಈ ಜನರ ಮೇಲೆ, ತನ್ನ ಮೇಲೆ, ಆ ಬಲೂನು ಹಿಡಿದ ಬಿಳಿ ಮಗುವಿನ ಮೇಲೂ. ತಲೆಯೆತ್ತಿ ನೋಡಿದಳು. ಸೂರಕ್ಕಿ ಇನ್ನೂ ಕುಡಿಯುತ್ತಿತ್ತು.

ಅವಳು ಬೊಡ್ಡೆಗೇ ಕಾಗದ ಆನಿಸಿ ಸಹಿ ಹಾಕಿದಳು. ಸಿಕ್ಕಾದ ಶಾಯಿ ಒಣಗಿಹೋಗಿತ್ತು. ಅಜ್ಜಿ ಹಚ್ಚಿದ ಕುಂಕುಮಕ್ಕೆ ಉಗುಳು ಹಚ್ಚಿ, ಸಿಕ್ಕಾ ಒತ್ತಿ, ಅದನ್ನೇ ಕಾಗದಕ್ಕೆ ಒತ್ತಿದಳು. ವರದಾ ಹಂಚಿನಾಳ, ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್ ಎಂದು ಕೆಂಪಗೆ ಮೂಡಿತು. ಮಧುಕರರು ಅದನ್ನು ಬೆಳಕಿಗೆ ಹಿಡಿದು ನೋಡಿ, ಮಡಿಸಿ, ಜೇಬಿಗಿಟ್ಟುಕೊಂಡು ಅವಳಿಗೆ ಕೈಮುಗಿದರು.

"ಫಕೀರಪ್ಪಣ್ಣಾ," ಎಂದಳು ಅವಳು ತಗ್ಗಿದ ದನಿಯಲ್ಲಿ, "ಖರೇ ಎಲಿ ಚಿಗತಂಗ ಚಿಗತಂಗ ಆ ತಂತಿ ಬಿಚ್ಚಿಕೋತ ಹೋಗು. ಕೊರಳಿಗೆ ಉರುಳು ಹಾಕಿದಂಗ ಆಗತದ ಅದಕ್ಕ."

"ಹೂಂನ್ರಿ ಬಾಯಾರ," ಎಂದ ಫಕೀರಪ್ಪ. ಅವನು ಕಣ್ಣು ಒರೆಸಿಕೊಳ್ಳುತ್ತಿದ್ದ.

ಅವಳು ಗೇಟಿನ ಕಡೆ ಹೊರಟಾಗ ಹಿಂದಿನಿಂದ ಯಾರೋ ಕರೆದರು. ಪಕ್ಕದ ಸೊಸೈಟಿಯ ಚೇರಮನ್ ದತ್ತೂಭಾವು. ಮಧುಕರರು ತಮ್ಮ ಹೊಸ ಮರ ತೋರಿಸಲೆಂದೇ ಕರೆಸಿಕೊಂಡಿದ್ದರು. ಪಕ್ಕಾ ಪುಣೇಕರ ಮನುಷ್ಯ. ಮರಾಠಿಯಲ್ಲಿ ಬಹಳ ವಿನಯದಿಂದ, ನಮ್ಮ ಅಂಗಳಕ್ಕೂ ಥೇಟ್ ಇಂಥದ್ದೇ ಒಂದು ಬೇಕು, ಹೂವಿನ ಸಮೇತ, ಹಕ್ಕಿ ಬರುವ ಹಾಗೆ, ಎಷ್ಟು ದಿನ ಹಿಡಿಯುತ್ತದೆ ಎಂದು ಕೇಳಿದರು.

ಹೇಳುವ ಸುಳ್ಳೆಲ್ಲ ಅವಳಿಗೆ ಅಂದಿನ ಮಟ್ಟಿಗೆ ಮುಗಿದುಹೋಗಿತ್ತು.

"ಮೂವತ್ತು ವರ್ಷ," ಎಂದಳು ಅವಳೂ ಮರಾಠಿಯಲ್ಲೇ.

ದತ್ತೂಭಾವು ಅವಳ ಮುಖ ನೋಡಿದರು, ತಮಾಷೆಯಲ್ಲ ಎಂದು ಗೊತ್ತಾಯಿತು. ಹಿಂದಿರುಗಿ ಮರವನ್ನು ಒಮ್ಮೆ ಕೆಳಗಿನಿಂದ ಮೇಲಿನವರೆಗೆ ನೋಡಿದರು, ಬಹಳ ಹೊತ್ತು ನೋಡಿದರು.

"ಈ ಮಳೆಗಾಲದೊಳಗೆ ಆಗುವುದಿಲ್ಲವೇ?" ಎಂದು ಕೇಳಿದರು.

"ಆಗುವುದಿಲ್ಲ," ಎಂದಳು ವರದಾ. "ಮಳೆಗಾಲದಲ್ಲಿ ಶುರು ಮಾಡಬಹುದು."